ಲ್ಯಾಪ್‌ಟಾಪಿಗೂ ಬೇಕು ಲೀಟರ್ ತೂಕ

ಜೂನ್ ತಿಂಗಳು ಬಂತೆಂದರೆ ಊರಿನಿಂದ ಬರುವ ಫೋನುಗಳ ಧಾಟಿಯೇ ಬದಲಾಗುತ್ತದೆ. ಮಳೆ ಹೇಗುಂಟು, ಆರೋಗ್ಯ ಹೇಗುಂಟು ಅನ್ನೋದನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ ನೇರ ವಿಷಯಕ್ಕೆ ಬರುತ್ತಾರೆ. "ಭಾವ, ಹುಡುಗನಿಗೆ ಸೀಟಾಯ್ತು. ಲ್ಯಾಪ್‌ಟಾಪ್ ತೆಗೀಬೇಕು. ಮೂವತ್ತು ಸಾವಿರದ್ದು ಸಾಕಾ, ಅಲ್ಲ ಒಂದೂಕಾಲು ಲಕ್ಷದ ಗೇಮಿಂಗೇ ತೆಗೀಬೇಕಾ? ನೀವಿರೋದು ಬಂದರು ಪೇಟೆ ಅಲ್ವಾ, ಅಲ್ಲಿ ಅಗ್ಗಕ್ಕೆ ಸಿಗ್ತದಂತೆ, ಹೌದಾ?"

ಮೊದಲು ಈ ಅಗ್ಗದ ಭ್ರಮೆಯನ್ನು ಬಿಡಿಸಿಬಿಡುತ್ತೇನೆ. ಮಟ್ಟಾಂಚೇರಿಯ ಬಜಾರ್ ರೋಡಿನಲ್ಲಿ ಸಿಗುವುದು ಕರಿಮೆಣಸು, ಒಣಶುಂಠಿ, ಏಲಕ್ಕಿ, ಅಕ್ಕಿಮೂಟೆ. ಲ್ಯಾಪ್‌ಟಾಪ್ ಬೇಕಾದರೆ ನಾವೂ ಹಿನ್ನೀರು ದಾಟಿ ಎರ್ನಾಕುಳಂನ ಪೆಂಟಾ ಮೇನಕಾದಂಥ ಕಡೆಗೇ ಹೋಗಬೇಕು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಲ್ಯಾಪ್‌ಟಾಪಿಗೆ ಕೊಚ್ಚಿಯಲ್ಲೂ 18 ಪರ್ಸೆಂಟ್, ಕುಂದಾಪುರದಲ್ಲೂ 18 ಪರ್ಸೆಂಟ್. ಹಡಗು ಬರುವ ಊರಿನಲ್ಲಿ ಎಲ್ಲವೂ ಕಳ್ಳಮಾಲು, ಎಲ್ಲವೂ ಸೋವಿ ಅನ್ನೋ ಕಾಲ ಮುಗಿದು ಎಷ್ಟೋ ವರ್ಷಗಳಾದವು.

ಇನ್ನು ಅಸಲು ಪ್ರಶ್ನೆ. ಮೂವತ್ತು ಸಾವಿರದ್ದಾ, ಒಂದೂಕಾಲು ಲಕ್ಷದ್ದಾ? ನನ್ನ ಉತ್ತರ ಕೇಳಿ ಕೆಲವರು ಸಿಟ್ಟಾಗಿ ಫೋನ್ ಇಟ್ಟದ್ದೂ ಉಂಟು. ಪ್ರಶ್ನೆಯೇ ಸರಿ ಇಲ್ಲ, ಸ್ವಾಮಿ. ಈ ಎರಡೇ ದಾರಿ ಇರೋದು ಅಂತ ನಿಮ್ಮನ್ನು ನಂಬಿಸಿದವರು ಅಂಗಡಿಯವರು.

ಇಲ್ಲಿ ಮೆಣಸು ಕೊಳ್ಳುವುದನ್ನು ನೋಡಿ. ಗೋಣಿಚೀಲದ ಮೇಲೆ ಯಾವ ಹೆಸರು ಬರೆದಿದೆ ಎಂದು ಯಾರೂ ಕೇಳುವುದಿಲ್ಲ. ಒಂದು ಲೀಟರಿನ ಪಾತ್ರೆಗೆ ಕಾಳು ತುಂಬಿ ತೂಗುತ್ತಾರೆ. 550 ಗ್ರಾಂ ಬಂದರೆ ಗಟ್ಟಿ ಕಾಳು, ಕಡಿಮೆ ಬಂದರೆ ಜೊಳ್ಳು ಸೇರಿದೆ ಎಂದೇ ಲೆಕ್ಕ. ಆಮೇಲೆ ತೇವ ನೋಡುತ್ತಾರೆ, ಹನ್ನೊಂದು ಪರ್ಸೆಂಟ್ ದಾಟಿದರೆ ದರ ಇಳಿಯಿತು. ಕೊಡಗಿನ, ಶಿರಸಿಯ ಬೆಳೆಗಾರರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆಶ್ಚರ್ಯ ಏನೆಂದರೆ, ಇದೇ ಬೆಳೆಗಾರರು ಮಗನ ಲ್ಯಾಪ್‌ಟಾಪ್ ಕೊಳ್ಳಲು ಹೋಗುವಾಗ ಲೀಟರ್ ಪಾತ್ರೆಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಚೀಲದ ಮೇಲಿನ ಹೆಸರು ನೋಡಿ ದುಡ್ಡು ಎಣಿಸುತ್ತಾರೆ.

ಅಗ್ಗದ ಚೀಲದ ಜೊಳ್ಳು ಮೊದಲು ನೋಡೋಣ. ಬೆಲೆ ಇಳಿಸಬೇಕಾದರೆ ಎಲ್ಲಿಯೋ ಕತ್ತರಿ ಹಾಕಲೇಬೇಕು. ಕತ್ತರಿ ಬೀಳುವುದು ನಿಮಗೆ ಕಾಣದ ಜಾಗದಲ್ಲಿ. ತೀರಾ ಅಗ್ಗದವುಗಳಲ್ಲಿ ಎಸ್‌ಎಸ್‌ಡಿ ಬದಲಿಗೆ ಇಎಂಎಂಸಿ ಅನ್ನೋ ನಿಧಾನದ ಸ್ಟೋರೇಜ್ ಹಾಕಿರುತ್ತಾರೆ. ರ್‍ಯಾಮ್ 4 ಜಿಬಿ, ಅದೂ ಬೋರ್ಡಿಗೇ ಬೆಸುಗೆ. ಮುಂದೆ ಹೆಚ್ಚಿಸೋಣ ಅಂದರೆ ಸ್ಲಾಟೇ ಇಲ್ಲ. ಪರದೆಯೋ, ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದರೆ ಬಣ್ಣವೆಲ್ಲ ಮಂಕು. "ವಿಂಡೋಸ್ 11ಕ್ಕೆ 4 ಜಿಬಿ ಸಾಕು ಅಂತ ಕಂಪನಿಯೇ ಹೇಳಿದೆ" ಎಂದು ಅಂಗಡಿಯವ ಹೇಳುತ್ತಾನೆ. ಸುಳ್ಳಲ್ಲ. ಆದರೆ ಆ ಕನಿಷ್ಠ ಲೆಕ್ಕ ಬಾಗಿಲು ದಾಟುವುದಕ್ಕೆ ಮಾತ್ರ, ಒಳಗೆ ಬಂದು ಎಲೆ ಹಾಕಿ ಕೂತು ಉಣ್ಣುವುದಕ್ಕೆ ಸಾಲದು. ಬ್ರೌಸರಿನಲ್ಲಿ ಹತ್ತು ಪುಟ, ಪಕ್ಕದಲ್ಲಿ ಒಂದು ಆನ್‌ಲೈನ್ ಪಾಠ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ. ಎರಡನೇ ವರ್ಷಕ್ಕೆ ಮತ್ತೊಂದು ಕೊಳ್ಳಲೇಬೇಕು. ಹಾಗಾದರೆ ಅಗ್ಗ ಆದದ್ದು ಯಾರಿಗೆ?

ದುಬಾರಿ ಚೀಲದಲ್ಲೂ ಜೊಳ್ಳುಂಟು, ಅದು ಮಿಂಚುತ್ತದೆ ಅಷ್ಟೇ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ನಿಮ್ಮ ಹೆಚ್ಚಿನ ದುಡ್ಡು ಹೋಗುವುದು ಗ್ರಾಫಿಕ್ಸ್ ಚಿಪ್ಪಿಗೆ, ವೇಗದ ಪರದೆಗೆ, ಅದರ ಬಿಸಿ ತಣಿಸುವ ಫ್ಯಾನುಗಳಿಗೆ. ಆ ಚಿಪ್ಪಿನಲ್ಲೂ ಒಂದು ಕಣ್ಕಟ್ಟು. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪಿಗೆ ಕಂಪನಿಯೇ ಕೊಟ್ಟ ವಿದ್ಯುತ್ ಮಿತಿ 35 ವ್ಯಾಟಿನಿಂದ 115 ವ್ಯಾಟಿನವರೆಗೆ. ಅಂದರೆ ಹೆಸರು ಒಂದೇ, ಸ್ಟಿಕ್ಕರ್ ಒಂದೇ, ಆದರೆ ಒಂದರ ಕಸುವಿಗೂ ಇನ್ನೊಂದರ ಕಸುವಿಗೂ ಅಜಗಜಾಂತರ. ಇದೇ ನೋಡಿ ನಾನು ಹೇಳುವ ಲೀಟರ್ ತೂಕ. ಎಷ್ಟು ವ್ಯಾಟು ಎಂದು ಕೇಳಿ ಕೊಂಡವರು ನಿಮ್ಮ ಪೈಕಿ ಎಷ್ಟು ಜನ?

ಇಷ್ಟಕ್ಕೂ ಆ ಚಿಪ್ಪಿಗೆ ಕೆಲಸ ಏನು? ಬಿ.ಕಾಂ. ಹುಡುಗನ ಟ್ಯಾಲಿಗೆ ಅದು ಬೇಡ. ಬಿಸಿಎ ಹುಡುಗ ಬರೆಯುವ ಜಾವಾ, ಪೈಥಾನ್ ಪ್ರೋಗ್ರಾಮಿಗೂ ಬೇಡ. ಅವನ ನಾಲ್ಕು ಗಂಟೆಯ ಕೋಡಿಂಗ್ ಹೊತ್ತಿನಲ್ಲಿ ಆ ಚಿಪ್ಪು ಹೆಚ್ಚುಕಡಿಮೆ ನಿದ್ದೆ ಮಾಡುತ್ತಿರುತ್ತದೆ. ಹೊರಲಿಕ್ಕೆ ಮಾತ್ರ ಎರಡೂವರೆ ಕಿಲೋ ಭಾರ, ಚಾರ್ಜರಿನದ್ದು ಬೇರೆ. ಕ್ಲಾಸಿನಲ್ಲಿ ಚಾರ್ಜ್ ಮುಗಿದು ಪ್ಲಗ್ ಹುಡುಕುವ ಪಾಡು. ನಮ್ಮ ಕರಾವಳಿಯ ಹಾಗೆ ಉಪ್ಪುಗಾಳಿ, ತೇವ, ದೂಳು ಎಲ್ಲ ಕೂಡಿದ ಕಡೆ ಆ ಫ್ಯಾನುಗಳನ್ನು ಆಗಾಗ ಬಿಚ್ಚಿ ಶುಚಿ ಮಾಡಿಸುವ ಖರ್ಚನ್ನು ಯಾವ ಜಾಹೀರಾತಿನಲ್ಲೂ ಹೇಳುವುದಿಲ್ಲ.

"ಆದರೆ ಭಾವ, ಈಗ ಎಐ ಕಲೀಬೇಕಲ್ಲ? ಅದಕ್ಕೆ ಬೇಕಂತೆ." ಈಗ ಎಲ್ಲರ ಬಾಯಲ್ಲೂ ಇದೇ. ಒಂದು ಲೆಕ್ಕ ಹೇಳುತ್ತೇನೆ. ಎಂಟು ನೂರು ಕೋಟಿ ಪ್ಯಾರಾಮೀಟರುಗಳ ಒಂದು ಭಾಷಾ ಮಾದರಿ ಈಗಿನ ಕಾಲಕ್ಕೆ ಚಿಕ್ಕದು. ಅದನ್ನು 16 ಬಿಟ್ ಲೆಕ್ಕದಲ್ಲಿ ಇಡಲಿಕ್ಕೇ 16 ಜಿಬಿ ಬೇಕು. ಆರ್‌ಟಿಎಕ್ಸ್ 4060ರಲ್ಲಿ ಇರುವುದು 8 ಜಿಬಿ. ಮಾದರಿಯನ್ನು ಕುಗ್ಗಿಸಿ ತುರುಕಬಹುದು, ಪ್ರಯೋಗ ಮಾಡಬಹುದು, ನಿಜ. ಆದರೆ ಕಲಿಕೆಯ ಮೊದಲ ಮೆಟ್ಟಿಲಿಗೆ ಗೂಗಲ್ ಕೊಲ್ಯಾಬಿನಲ್ಲಿ ಮಿತಿಯೊಳಗೆ ಪುಕ್ಕಟೆ ಸಿಗುವ ಚಿಪ್ಪು ಸಾಕು. ಅದನ್ನು ಬಳಸಿ, ಸಾಲದು ಎಂದು ಗೊತ್ತಾದ ಮೇಲೆ ಕೇಳಲಿ, ಆಗ ಕೊಡಿಸಿ.

ಆಟ ಆಡೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಾವು ಕ್ರಿಕೆಟ್ ಬ್ಯಾಟಿಗೆ ಹಟ ಮಾಡಿದವರೇ. ಆದರೆ ನಾವು ಬ್ಯಾಟು ಕೇಳಿದ್ದು ಬ್ಯಾಟು ಎಂದೇ, ಗಣಿತ ಕಲಿಯಲಿಕ್ಕೆ ಬೇಕು ಎಂದು ಹೇಳಲಿಲ್ಲ. ಆಟಕ್ಕೇ ಬೇಕು ಎಂದು ಮಗ ಬಾಯಿಬಿಟ್ಟು ಹೇಳಲಿ. ಆಗ ಅಪ್ಪ ಅಮ್ಮ ತಮ್ಮ ಕೈಲಾಗುತ್ತದೋ ಇಲ್ಲವೋ ಎಂದು ನೋಡಿಕೊಳ್ಳುತ್ತಾರೆ. ಓದಿಗೆ ಬೇಕು ಅಂದ ಕೂಡಲೇ ತಾಯಿಯ ಬಳೆ ಸೊಸೈಟಿಗೆ ಹೋಗುತ್ತದಲ್ಲ, ನನ್ನ ತಕರಾರು ಅದರ ಮೇಲೆ.

ಇನ್ನೂ ದೊಡ್ಡ ತಕರಾರು ಒಂದಿದೆ. ಒಂದೇ ಮನೆಯಿಂದ ಎರಡು ವರ್ಷದ ಅಂತರದಲ್ಲಿ ನನಗೆ ಎರಡು ಫೋನು ಬಂದಿದ್ದವು. ಮಗ ಬಿ.ಕಾಂ. ಸೇರಿದಾಗ ಗೇಮಿಂಗ್ ಯಾವುದು ಒಳ್ಳೆಯದು ಎಂದು ಕೇಳಿದರು. ಮಗಳು ಆರ್ಕಿಟೆಕ್ಚರ್ ಸೇರಿದಾಗ ಕೇಳಿದ್ದು, ಸೋವಿಯಲ್ಲಿ ಯಾವುದುಂಟು ಎಂದು. ನಾನು ಹೇಳಿದೆ, "ಮಾರಾಯ್ರೆ, ಅವಳದ್ದು ಮೂರು ಆಯಾಮದ ನಕ್ಷೆ ಬಿಡಿಸುವ ಕೆಲಸ. ನಿಮ್ಮ ಮನೆಯಲ್ಲಿ ಆ ದೊಡ್ಡ ಚಿಪ್ಪು ನಿಜವಾಗಿ ಬೇಕಾದದ್ದು ಅವಳಿಗೆ." ಬಂದ ಉತ್ತರ: "ಹೆಣ್ಣುಮಕ್ಕಳಿಗೆ ಗೇಮಿಂಗ್ ಯಾಕೆ?" ಆ ಹುಡುಗಿ ಹಾಸ್ಟೆಲಿನಲ್ಲಿ ಗೆಳತಿಯ ಯಂತ್ರ ಬಿಡುವಾಗುವ ತನಕ, ಅಂದರೆ ರಾತ್ರಿ ಎರಡು ಗಂಟೆಯ ತನಕ ಕಾದು ತನ್ನ ನಕ್ಷೆ ಮುಗಿಸುತ್ತಿದ್ದಳು. ತಮ್ಮ ಊಟದ ಮೇಜಿನ ಮೇಲೆ ಬಣ್ಣಬಣ್ಣದ ಕೀಲಿಮಣೆ ಬೆಳಗಿಸಿಕೊಂಡು ಜಮಾಖರ್ಚು ಟೈಪ್ ಮಾಡುತ್ತಿದ್ದ ಅಣ್ಣನಿಗೆ ಇದು ಗೊತ್ತೇ ಇರಲಿಲ್ಲ.

ನೋಡಿ, 'ಗೇಮಿಂಗ್' ಅನ್ನೋ ಒಂದು ಶಬ್ದ ಮಾಡುವ ಕೆಲಸ. ಬೇಡದವನಿಗೆ ಅದು ಒಂದು ಲಕ್ಷ ಖರ್ಚು ಮಾಡಿಸುತ್ತದೆ, ಬೇಕಾದವಳಿಗೆ ಕೈಗೆ ಸಿಗದ ಹಾಗೆ ಮಾಡುತ್ತದೆ. 'ಬಜೆಟ್' ಅನ್ನೋ ಶಬ್ದವೂ ಅಂಥದ್ದೇ. ಹೆಸರು ನೋಡಿ ಕೊಂಡರೆ ನಮ್ಮ ಹಳೆಯ ತಾರತಮ್ಯವೆಲ್ಲ ಹೊಸ ಪೆಟ್ಟಿಗೆಯೊಳಗೆ ಕೂತು ಮನೆಗೆ ಬರುತ್ತದೆ.

ಇದು ಬರೀ ಅಪ್ಪ ಅಮ್ಮಂದಿರ ತಪ್ಪಲ್ಲ. ಒಂದೊಂದು ಮನೆಯೂ ಒಂಟಿಯಾಗಿ ತಲೆ ಕೆಡಿಸಿಕೊಳ್ಳುವ ಹಾಗೆ ಈ ಹೊರೆಯನ್ನು ಅವರ ತಲೆಗೆ ಕಟ್ಟಿದ್ದು ಯಾರು? ಇಲ್ಲಿ ಕೂತು ನೋಡಿದಾಗ ಕೇರಳ ಒಂದು ವಿಷಯದಲ್ಲಿ ಜಾಣತನ ತೋರಿಸಿತು ಎಂದು ನನಗೆ ಅನ್ನಿಸುತ್ತದೆ. 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುವಾಯಿತು. ಅದೇ ವರ್ಷದ ಜುಲೈಯಲ್ಲಿ ರಿಚರ್ಡ್ ಸ್ಟಾಲ್ಮನ್ ಸಮ್ಮುಖದಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ ಉದ್ಘಾಟನೆಯಾದದ್ದು ತಿರುವನಂತಪುರದಲ್ಲಿ. ಆಮೇಲೆ ಇಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ಲಿನಕ್ಸಿಗೆ ಹೊರಳಿದವು. 2017ರಲ್ಲಿ ಆ ಯೋಜನೆ 'ಕೈಟ್' ಅನ್ನೋ ಸರ್ಕಾರಿ ಕಂಪನಿಯಾಯಿತು. ಎರಡು ಲಕ್ಷಕ್ಕೂ ಮಿಕ್ಕಿದ ಶಾಲಾ ಕಂಪ್ಯೂಟರುಗಳಿಂದ 3,000 ಕೋಟಿ ರೂಪಾಯಿ ಲೈಸೆನ್ಸ್ ಖರ್ಚು ಉಳಿಯಿತು ಎಂದು 2019ರಲ್ಲಿ ಕೈಟ್ ಹೇಳಿತು. ಆ ಲೆಕ್ಕವನ್ನು ಸ್ವಲ್ಪ ಉದಾರವಾಗಿಯೇ ಹಾಕಿರಬಹುದು ಅನ್ನಿ. ಆದರೆ ನನಗೆ ಮುಖ್ಯವಾದದ್ದು ಬೇರೆ. ಶಾಲೆಯಲ್ಲಿ ಕಲಿತದ್ದನ್ನೇ ಮನೆಯ ಸಾಧಾರಣ ಯಂತ್ರದಲ್ಲಿ ಪುಕ್ಕಟೆ ಹಾಕಿಕೊಂಡು ಮುಂದುವರಿಸಲು ಆಗುತ್ತದೆ. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪಾಠದ ಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಕಂಪ್ಯೂಟರನ್ನು ಕನ್ನಡದಲ್ಲಿ ಕಲಿಸಬಹುದು ಎಂದು ಮಲಯಾಳದ ಸರ್ಕಾರ ತೋರಿಸಿಕೊಟ್ಟಿದೆ, ಊರಿನಲ್ಲಿರುವ ನೀವು ಇದನ್ನು ಸ್ವಲ್ಪ ಯೋಚಿಸಿ.

ಕೇರಳ ಅಂದರೆ ಸ್ವರ್ಗ ಅಂತಲ್ಲ. ಕೋವಿಡ್ ಕಾಲದಲ್ಲಿ ಕುಟುಂಬಶ್ರೀ ಮತ್ತು ಕೆಎಸ್‌ಎಫ್‌ಇ ಸೇರಿ 'ವಿದ್ಯಾಶ್ರೀ' ಅನ್ನೋ ಲ್ಯಾಪ್‌ಟಾಪ್ ಚೀಟಿ ಮಾಡಿದವು. ತಿಂಗಳಿಗೆ 500 ರೂಪಾಯಿಯಂತೆ 30 ಕಂತು. ಯೋಚನೆ ಚೆಂದ, ಆದರೆ ಯಂತ್ರ ಕೈಗೆ ಬರಲು ತಡವಾಯಿತು, ದೂರುಗಳೂ ಬಂದವು. ಎರ್ನಾಕುಳಂನ ಅಂಗಡಿಗಳಲ್ಲಿ ಗೇಮಿಂಗ್ ಲ್ಯಾಪ್‌ಟಾಪಿನ ಮುಂದೆ ಅಪ್ಪಂದಿರು ತಲೆ ತುರಿಸುತ್ತ ನಿಲ್ಲುವುದೂ ಉಂಟು.

ನಮ್ಮಲ್ಲೇನು ಬುದ್ಧಿಗೆ ಬರವಿತ್ತೇ? ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸೇರಿ ಬಡವರ ಕೈಗೆಟುಕುವ 'ಸಿಂಪ್ಯೂಟರ್' ರೂಪಿಸಿದ್ದು ಬೆಂಗಳೂರಿನಲ್ಲೇ. 2004ರಲ್ಲಿ 'ಅಮಿಡಾ' ಹೆಸರಿನಲ್ಲಿ ಅದು ಅಂಗಡಿಗೂ ಬಂತು. ಅದರಲ್ಲಿ ಸ್ಮಾರ್ಟ್‌ಕಾರ್ಡಿನ ಗೂಡೊಂದಿತ್ತು. ಒಂದೇ ಯಂತ್ರವನ್ನು ಊರಿನ ಹತ್ತಾರು ಜನ ತಮ್ಮತಮ್ಮ ಕಾರ್ಡು ಹಾಕಿ ಹಂಚಿಕೊಳ್ಳಲಿ ಎಂಬ ಉಪಾಯ. ಯಂತ್ರ ಸೋತಿತು, ನಿಜ. ಅದರ ಜೊತೆ ಹಂಚಿಕೊಳ್ಳುವ ಯೋಚನೆಯನ್ನೂ ನಾವು ಗುಜರಿಗೆ ಹಾಕಿದೆವು. 2025ರ ನವೆಂಬರಿನಲ್ಲಿ ಕಿಯೋನಿಕ್ಸ್ 18,999 ರೂಪಾಯಿಯ 'ಕಿಯೋ' ಅನ್ನೋ ಪುಟ್ಟ ಲಿನಕ್ಸ್ ಕಂಪ್ಯೂಟರನ್ನು ಬೆಂಗಳೂರು ಟೆಕ್ ಸಮ್ಮಿಟ್ಟಿನಲ್ಲಿ ಪರಿಚಯಿಸಿದೆ. ಒಳ್ಳೆಯದೇ. ಆದರೆ ಪೆಟ್ಟಿಗೆ ಮಾತ್ರ ಕೊಟ್ಟು ಪಾಠ, ಮೇಷ್ಟ್ರು, ರಿಪೇರಿ ಇವನ್ನು ಮರೆತರೆ ಅದೂ ಕಪಾಟು ಸೇರುತ್ತದೆ.

ನನ್ನ ವಾದ ಇಷ್ಟು. ದೊಡ್ಡ ಚಿಪ್ಪಿನ ಯಂತ್ರ ಇರಬೇಕಾದದ್ದು ಕಾಲೇಜಿನ ಲ್ಯಾಬಿನಲ್ಲಿ, ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದುಕೊಂಡು, ಹುಡುಗಿಯರಿಗೂ ಹುಡುಗರಿಗೂ ಸಮನಾಗಿ. ಮನೆಯಲ್ಲಿ ಇರಬೇಕಾದದ್ದು ಒಂದು ಪ್ರಾಮಾಣಿಕ ಯಂತ್ರ: ಎಸ್‌ಎಸ್‌ಡಿ, 16 ಜಿಬಿ ರ್‍ಯಾಮ್ ಅಥವಾ ಅಲ್ಲಿವರೆಗೆ ಏರಿಸಲು ಖಾಲಿ ಸ್ಲಾಟ್, ಕಣ್ಣಿಗೆ ಹಿತವಾದ ಐಪಿಎಸ್ ಪರದೆ. ಹೊಸದು ಕೈಗೆಟುಕದಿದ್ದರೆ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಆಫೀಸ್ ಲ್ಯಾಪ್‌ಟಾಪುಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಬಿಲ್ಲು, ವಾರಂಟಿ ಕೇಳಿ ತೆಗೆದುಕೊಳ್ಳಿ. ಅವುಗಳಲ್ಲಿ ಬಹಳಷ್ಟನ್ನು ಬಿಚ್ಚಿ ರಿಪೇರಿ ಮಾಡಬಹುದು. ಒಂದು ಎಚ್ಚರ: ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದಾಗಿರಲಿ. ಅದಕ್ಕಿಂತ ಹಳೆಯದಾದರೆ ಲಿನಕ್ಸ್ ಹಾಕಿಸಿ, ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಆದ್ದರಿಂದ ಫೀಸು ಕಟ್ಟುವ ದಿನ ಕಾಲೇಜಿನವರಿಗೆ ಮೂರು ಪ್ರಶ್ನೆ ಹಾಕಿ. ನಮ್ಮ ಮಗು ಈ ಮೂರು ವರ್ಷ ಯಾವ ಸಾಫ್ಟ್‌ವೇರ್ ಬಳಸಬೇಕು? ಅದನ್ನು ಓಡಿಸುವ ಯಂತ್ರ ನಿಮ್ಮ ಲ್ಯಾಬಿನಲ್ಲಿ ಎಷ್ಟುಂಟು? ಕ್ಲಾಸು ಬಿಟ್ಟ ಮೇಲೆ ಅದು ಎಷ್ಟು ಹೊತ್ತು ತೆರೆದಿರುತ್ತದೆ? ಲಕ್ಷಗಟ್ಟಲೆ ಫೀಸು ತೆಗೆದುಕೊಂಡು ಲ್ಯಾಬಿಗೆ ಬೀಗ ಹಾಕಿ, "ಒಂದು ಒಳ್ಳೆ ಲ್ಯಾಪ್‌ಟಾಪ್ ಕೊಡಿಸಿಬಿಡಿ" ಅನ್ನುವ ಕಾಲೇಜಿನ ಮುಂದೆ ಬಾಯಿ ಮುಚ್ಚಿಕೊಂಡು ಬರಬೇಡಿ. ನೀವು ಸುಮ್ಮನಿದ್ದಷ್ಟೂ ಅವರ ಖರ್ಚು ನಿಮ್ಮ ಮನೆಯ ಸಾಲವಾಗುತ್ತದೆ.

ಉತ್ತರ ಕೇಳಿಕೊಂಡ ಮೇಲೆ ಅಂಗಡಿಗೆ ಹೋಗಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಅವಳ ಕೆಲಸ ಏನೆಂದು ಅವಳೇ ಹೇಳಲಿ.