ನೀಲಗಿರಿ ಎಣ್ಣೆ ಸೊಳ್ಳೆ ಓಡಿಸುತ್ತದೆಯೇ? ಯಾವ ನೀಲಗಿರಿ ಎಂದು ಮೊದಲು ಕೇಳಿ

ಮಳೆಗಾಲ ಬಂದು ಡೆಂಗ್ಯೂ ಸುದ್ದಿ ಶುರುವಾದರೆ ಸಾಕು, ‘ನೀಲಗಿರಿ ಎಣ್ಣೆ ಹಚ್ಚಿ, ಸೊಳ್ಳೆ ಹತ್ತಿರ ಸುಳಿಯಲ್ಲ. ನೈಸರ್ಗಿಕ, ಮಕ್ಕಳಿಗೂ ಸುರಕ್ಷಿತ’ ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಇದರಲ್ಲಿ ನಿಜವೆಷ್ಟು?

ಹೆಸರು ಒಂದೇ, ಎಣ್ಣೆ ಬೇರೆ

ನೀಲಗಿರಿಯ ತವರು ಆಸ್ಟ್ರೇಲಿಯಾ. ಈ ಬಳಗದಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳಿವೆ. ಅವು ಹತ್ತಿರದ ನೆಂಟರಾದರೂ ಎಲೆಯಲ್ಲಿರುವ ಎಣ್ಣೆಯ ರಾಸಾಯನಿಕಗಳು ಒಂದೇ ಅಲ್ಲ. ಒಂದೇ ಹಿಟ್ಟಿನಿಂದ ಒಬ್ಬರು ಇಡ್ಲಿ, ಇನ್ನೊಬ್ಬರು ದೋಸೆ ಮಾಡುವಂತೆ, ಒಂದೇ ಮೂಲವಸ್ತುವಿನಿಂದ ಪ್ರತಿ ಪ್ರಭೇದದ ಕಿಣ್ವಗಳು ಬೇರೆ ಬೇರೆ ಅಣುಗಳನ್ನು ತಯಾರಿಸುತ್ತವೆ.

• ಯೂಕಲಿಪ್ಟಸ್ ಗ್ಲೋಬ್ಯುಲಸ್: ಶೀತಕ್ಕೆ ಬಳಸುವ ಎಣ್ಣೆಯ ಮುಖ್ಯ ಮೂಲ. ಇದರಲ್ಲಿ ಸಿನಿಯೋಲ್ ಹೆಚ್ಚು. ಔಷಧ ದರ್ಜೆಯ ನೀಲಗಿರಿ ಎಣ್ಣೆಯಲ್ಲಿ ಇದು ಕನಿಷ್ಠ 70% ಇರಬೇಕೆಂಬುದು ಯುರೋಪಿನ ಔಷಧ ಮಾನದಂಡ.
• ಯೂಕಲಿಪ್ಟಸ್ ಡೈವ್ಸ್: ಪೆಪ್ಪರ್‌ಮಿಂಟ್ ವಾಸನೆಯ ಪೈಪೆರಿಟೋನ್ ಹೆಚ್ಚಿರುವ ಮರಗಳಿವೆ.
• ನಿಂಬೆ ವಾಸನೆಯ ನೀಲಗಿರಿ: ಸಿಟ್ರೊನೆಲ್ಲಾಲ್ ಹೆಚ್ಚು. 1995ರಲ್ಲಿ ಸಸ್ಯವಿಜ್ಞಾನಿಗಳು ಇದನ್ನು ಕೋರಿಂಬಿಯಾ ಎಂಬ ಬೇರೆ ಕುಲಕ್ಕೇ ಸೇರಿಸಿದರು.

ಒಂದೇ ಪ್ರಭೇದದಲ್ಲೂ ಎಲೆಯ ವಯಸ್ಸು, ಋತು, ಬೆಳೆದ ಜಾಗಕ್ಕೆ ತಕ್ಕಂತೆ ಪ್ರಮಾಣ ಬದಲಾಗುತ್ತದೆ.

ಹಾಗಾದರೆ ಸೊಳ್ಳೆಯ ವಿಷಯ?

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಶಿಫಾರಸು ಮಾಡುವ ಸೊಳ್ಳೆ ನಿವಾರಕಗಳಲ್ಲಿ ‘ಆಯಿಲ್ ಆಫ್ ಲೆಮನ್ ಯೂಕಲಿಪ್ಟಸ್’ ಇದೆ. ಸಂದೇಶಗಳು ಎಡವುವುದು ಇಲ್ಲಿಯೇ. ಇದು ನಿಂಬೆ ವಾಸನೆಯ ನೀಲಗಿರಿಯ ಎಣ್ಣೆಯನ್ನು ಸಂಸ್ಕರಿಸಿ, ಪಿಎಂಡಿ ಎಂಬ ಅಂಶವನ್ನು ಹೆಚ್ಚಿಸಿ ತಯಾರಿಸಿದ್ದು. ಎಲೆಯಿಂದ ನೇರವಾಗಿ ಭಟ್ಟಿ ಇಳಿಸಿದ ಎಣ್ಣೆಯಲ್ಲಿ ಪಿಎಂಡಿ ಅತ್ಯಲ್ಪ. ಹಾಗಾಗಿ ಅದು ಬೇಗ ಆರಿಹೋಗುತ್ತದೆ, ಅಷ್ಟು ಹೊತ್ತು ಕಾಯುವುದಿಲ್ಲ. ಶೀತಕ್ಕೆ ತಂದಿಟ್ಟ ಸಿನಿಯೋಲ್ ಎಣ್ಣೆಯಂತೂ ಬೇರೆಯದೇ ವಸ್ತು.

‘ಮಕ್ಕಳಿಗೂ ಸುರಕ್ಷಿತ’ ಎಂಬುದು ಅಪಾಯಕಾರಿ

ಪಿಎಂಡಿ ಇರುವ ನಿವಾರಕವನ್ನೂ 3 ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು ಎಂಬ ಎಚ್ಚರಿಕೆ ಇದೆ. ನೀಲಗಿರಿ ಎಣ್ಣೆ ಮಗುವಿನ ಹೊಟ್ಟೆಗೆ ಹೋದರೆ, ಕೆಲವೇ ಮಿಲಿಲೀಟರ್ ಆದರೂ, ಮಂಪರು, ಫಿಟ್ಸ್ ಬರಬಹುದು. ಆಗ ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿಯ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ.

ಏನು ಮಾಡಬೇಕು?

ಎಣ್ಣೆ ಕೊಳ್ಳುವಾಗ ಲೇಬಲ್‌ನಲ್ಲಿ ಸಸ್ಯದ ವೈಜ್ಞಾನಿಕ ಹೆಸರು ಇದೆಯೇ ನೋಡಿ. ಬಾಟಲಿ ಮಕ್ಕಳ ಕೈಗೆ ಸಿಗದಿರಲಿ. ಡೆಂಗ್ಯೂ ತಡೆಯಲು ತೊಟ್ಟಿ, ಹೂಕುಂಡ, ಹಳೇ ಟೈರಿನಲ್ಲಿ ನಿಂತ ನೀರು ಚೆಲ್ಲಿ. ಮೈತುಂಬ ಬಟ್ಟೆ, ಹಗಲಲ್ಲಿ ಮಲಗುವ ಕೂಸಿಗೂ ಸೊಳ್ಳೆ ಪರದೆ ಇರಲಿ. ಮುಂದಿನ ಸಲ ಅಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ‘ಯಾವ ನೀಲಗಿರಿ?’ ಎಂದು ಕೇಳಿ.