ಮಳೆಯ ಬೆಳೆಯೋ, ಒಡ್ಡಿನ ಬೆಳೆಯೋ

ಗದಗಿನ ಶಾಲಾಬಾಲಕನೊಬ್ಬನು ಪ್ರತಿದಿನ ನಸುಕಿನಲ್ಲೆದ್ದು, ಸುಮಾರು ಅರವತ್ತು ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಕ್ರಿಕೆಟಿನ ಅಭ್ಯಾಸ ಮುಗಿಸಿಕೊಂಡು, ಮರಳಿ ಗದಗಿಗೆ ಬಂದು ಶಾಲೆಯ ಗಂಟೆಗೆ ಹಾಜರಾಗುತ್ತಿದ್ದನೆಂಬ ವೃತ್ತಾಂತವನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಕೇಳಿದವರೆಲ್ಲರೂ ಆ ಬಾಲಕನ ಶ್ರಮಕ್ಕೆ ತಲೆದೂಗುವರು. ಆ ಶ್ರಮವು ಕಡೆಗೆ ಫಲಿಸಿದಾಗ ಲೋಕವು ಅವನಿಗೆ ಏನನ್ನು ಕೊಟ್ಟಿತು, ಎಷ್ಟು ಕಾಲದ ಮಟ್ಟಿಗೆ ಕೊಟ್ಟಿತು ಎಂಬ ಮುಂದಿನ ಪ್ರಶ್ನೆಯನ್ನು ಕೇಳುವವರು ಮಾತ್ರ ತೀರ ಕಡಿಮೆ. ನನಗೆ ಆ ಪ್ರಶ್ನೆಯೇ ಮುಖ್ಯವೆಂದು ತೋರುತ್ತದೆ.

ಆ ಬಾಲಕರೇ ಸುನೀಲ ಜೋಶಿಯವರು. 1992-93ರಲ್ಲಿ ಕರ್ನಾಟಕದ ಪರವಾಗಿ ಪ್ರಥಮದರ್ಜೆಯ ಆಟಕ್ಕೆ ಇಳಿದ ಈ ಎಡಗೈ ಸ್ಪಿನ್ನರು, ಮೂರು ಋತುಗಳ ಕಾಲ ಹತ್ತರಲ್ಲಿ ಹನ್ನೊಂದನೆಯವರಂತೆ ಇದ್ದು, 1995-96ರ ರಣಜಿ ಋತುವಿನಲ್ಲಿ 529 ರನ್ನುಗಳನ್ನೂ 52 ವಿಕೆಟುಗಳನ್ನೂ ಗಳಿಸಿದರು. ಒಂದೇ ಋತುವಿನಲ್ಲಿ ಬ್ಯಾಟಿನಿಂದ ಐದು ನೂರು, ಚೆಂಡಿನಿಂದ ಐವತ್ತು ಎಂಬುದು ರಣಜಿಯ ಚರಿತ್ರೆಯಲ್ಲಿ ತೀರ ವಿರಳವಾದ ಜೋಡಿ. ಅದರ ಫಲವಾಗಿ 1996ರ ಜೂನ್ 6ರಂದು, ತಮ್ಮ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನವೇ, ಇಂಗ್ಲೆಂಡಿನ ಎಜ್‌ಬಾಸ್ಟನ್ನಿನಲ್ಲಿ ಭಾರತದ ಟೋಪಿಯನ್ನು ಧರಿಸಿದರು. ಹದಿನಾರರ ಹರೆಯದಲ್ಲಿ ಟೆಸ್ಟ್ ಆಡಿದ ತೆಂಡೂಲ್ಕರರನ್ನು ಮಾದರಿಯಾಗಿ ಇಟ್ಟುಕೊಂಡಿದ್ದ ಆ ಕಾಲದಲ್ಲಿ ಇಪ್ಪತ್ತಾರು ಎಂಬುದು ತಡವಾದ ವಯಸ್ಸೇ ಸರಿ. ಎರಡು ವಾರಗಳ ಅನಂತರ ಲಾರ್ಡ್ಸಿನಲ್ಲಿ ಮುಂದಿನ ಟೆಸ್ಟ್ ಆರಂಭವಾದಾಗ ಗಂಗೂಲಿಯವರೂ ನಮ್ಮ ದ್ರಾವಿಡರೂ ಒಳಗೆ ಬಂದರು, ಜೋಶಿಯವರು ಹೊರಗೆ ಕುಳಿತರು. ಹೀಗೆ ಒಳಗೆ ಹೊರಗೆ ಆಡುತ್ತ ನಾಲ್ಕೂವರೆ ವರ್ಷಗಳಲ್ಲಿ ಅವರಿಗೆ ದೊರಕಿದ ಟೆಸ್ಟ್ ಪಂದ್ಯಗಳು ಒಟ್ಟು ಹದಿನೈದು.

ಇಲ್ಲಿ ಆಯ್ಕೆಗಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಜೋಶಿಯವರೇ ಮುಂದೆ 2020ರಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ ಆ ಕುರ್ಚಿಯ ಮುಳ್ಳುಗಳನ್ನೂ ಕಂಡವರು. ನಾನು ಹೇಳತಕ್ಕದ್ದು ಪದ್ಧತಿಯ ಮಾತು. ತಡವಾಗಿ ಅರಳಿದವನಿಗೆ ನಾವು ಕೊಡುವ ಬಹುಮಾನವು ಸದಾ ಒಂದು ದಿನದ್ದು, ಹೆಚ್ಚೆಂದರೆ ಒಂದು ವರ್ಷದ್ದು. ಅವನಿಗೆ ನಿಜವಾಗಿ ಬೇಕಾದುದು ಕಾಲಾವಕಾಶ.

ಇದನ್ನು ನಾನು ಆಟದ ಬಯಲಿನಲ್ಲಿ ಕಲಿತದ್ದಲ್ಲ, ಶಿರಹಟ್ಟಿಯ ಕಡೆಯ ನಮ್ಮ ಹದಿನಾರು ಎಕರೆ ಎರಿ ಹೊಲದಲ್ಲಿ ಕಲಿತದ್ದು. ತಂದೆಯವರು ಶಾಲಾಮಾಸ್ತರರಾಗಿದ್ದುದರಿಂದ ಹೊಲವನ್ನು ಲಾವಣಿಗೆ ಹಾಕುತ್ತಿದ್ದರು. ಯುಗಾದಿಯ ಪಾಡ್ಯದ ದಿನ ಬೇವುಬೆಲ್ಲ ತಿಂದ ಮೇಲೆ ಕಟ್ಟೆಯ ಮೇಲೆ ಕುಳಿತು ಮಾತು ಮುಗಿಯುತ್ತಿತ್ತು, ಅದೂ ಒಂದೇ ವರ್ಷಕ್ಕೆ. ಒಂದು ವರ್ಷಕ್ಕಿಂತ ಹೆಚ್ಚು ಏಕೆ ಕೊಡಕೂಡದೆಂಬುದಕ್ಕೆ ಅವರ ಬಳಿ ಬಲವಾದ ಕಾರಣವಿತ್ತು: 1974ರ ಭೂಸುಧಾರಣೆಯ ತಿದ್ದುಪಡಿಯ ತರುವಾಯ, ಏಳನೆಯ ನಮೂನೆಯ ಅರ್ಜಿ ತುಂಬಿ ಹೊಲ ತಮ್ಮ ಹೆಸರಿಗೆ ಮಾಡಿಸಿಕೊಂಡ ಗೇಣಿದಾರರ ಕಥೆಗಳು ಪ್ರತಿ ಊರಿನಲ್ಲಿಯೂ ಓಡಾಡುತ್ತಿದ್ದು, ನಾಲ್ಕೆಕರೆ ಇದ್ದವನು ಕೂಡ ನೆಟ್ಟಗೆ ಎರಡು ಸಾಲು ಯಾರಿಗೂ ಹೊಲ ಬಿಟ್ಟುಕೊಡಲು ಅಂಜುತ್ತಿದ್ದನು. ಅಂಜಿಕೆ ಸುಳ್ಳಿನದಾಗಿರಲಿಲ್ಲ. ಆದರೆ ಅದರ ಬೆಲೆಯನ್ನು ತೆತ್ತದ್ದು ಭೂಮಿ.

ಒಂದು ವರ್ಷ ಹಿಂಗಾರಿಯಲ್ಲಿ ನಮ್ಮ ಲಾವಣಿಯವನು ಅದುವರೆಗೆ ಯಾರೂ ಕಾಣದಷ್ಟು ಕಡಲೆಯನ್ನು ಬೆಳೆದನು. ಐವತ್ತರ ಸಮೀಪದ ಮನುಷ್ಯ, ಊರಿನಲ್ಲಿ ಕೈಲಾಗದವನೆಂದು ಹೆಸರು ಪಡೆದವನು. ತಂದೆಯವರು ಸಂತೋಷಗೊಂಡು ಅವನಿಗೆ ಒಂದು ಜೋಡಿ ಧೋತರವನ್ನೂ ರುಮಾಲನ್ನೂ ಕೊಟ್ಟು, ಹೊಲದ ಮೂಡಣ ಮಗ್ಗುಲಲ್ಲಿ ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿದ್ದ ಕಡೆ ಒಡ್ಡು ಹಾಕಬಾರದೇ ಎಂದು ಕೇಳಿದರು. ಅವನು ರುಮಾಲನ್ನು ಕಣ್ಣಿಗೆ ಒತ್ತಿಕೊಂಡು ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ: “ಒಡ್ಡು ಹಾಕಾಕ ಎರಡು ಬ್ಯಾಸಗಿ ಬೇಕ್ರಿ ಮಾಸ್ತರ. ಮುಂದಿನ ಯುಗಾದಿಗೆ ಹೊಲ ಯಾರ ಪಾಲೋ ಏನೋ. ಯಾರದೋ ಹೊಲಕ್ಕ ನಾ ಯಾಕ ಬೆನ್ನು ಮುರಕೊಳ್ಲಿ?”

ತಂದೆಯವರು ಮನೆಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಆ ಬೆಳೆ ಯಾವುದರಿಂದ ಬಂತು ಎಂಬುದನ್ನು ಅವರು ಮೊದಲು ವಿಚಾರಿಸಿಕೊಂಡರು. ಮಳೆಯೇ ಹದವಾಗಿ ಬಂದು ಎಲ್ಲರ ಹೊಲದಲ್ಲಿಯೂ ಬೆಳೆ ಬಂದಿದ್ದರೆ ಅದು ಮಳೆಯ ಬೆಳೆ. ಅದಕ್ಕೆ ಲಾವಣಿಯವನನ್ನು ಹೊಗಳುವುದು ವ್ಯರ್ಥ. ಮಗ್ಗುಲ ಹೊಲಗಳು ಒಣಗಿ ನಮ್ಮದೊಂದೇ ತುಂಬಿದ್ದರೆ ಅದು ಕೈಯ ಬೆಳೆ. ಅವನು ಆ ವರ್ಷ ಮೂರು ಸಲ ಹೆಚ್ಚಾಗಿ ಎಡೆ ಹೊಡೆದು, ಮಣ್ಣಿನ ಮೇಲೆ ಬಿರುಕು ಬಾಯಿಬಿಡದಂತೆ ನೋಡಿಕೊಂಡು, ಹಸಿಯನ್ನು ಹಿಡಿದಿಟ್ಟಿದ್ದನೆಂದು ತಿಳಿದುಬಂದ ಮೇಲೆ, ತಂದೆಯವರು ತಾಯಿಯ ವಿರೋಧವನ್ನು ಲೆಕ್ಕಿಸದೆ, ಹೊಲವನ್ನು ಐದು ವರ್ಷದ ಬಾಯಿಮಾತಿಗೆ ಅವನಿಗೆ ಬಿಟ್ಟರು. ಮೊದಲನೆಯ ವರ್ಷ ಬೆಳೆ ಕಡಿಮೆಯೇ ಬಂತು, ಏಕೆಂದರೆ ಬೇಸಗೆಯೆಲ್ಲ ಅವನು ಒಡ್ಡಿಗೆ ಮಣ್ಣು ಹೊತ್ತಿದ್ದನು. ತಾಯಿ ಆ ವರ್ಷವಿಡೀ ತಂದೆಯವರನ್ನು ಚುಚ್ಚುತ್ತಿದ್ದರು. ಒಡ್ಡು ಈಗಲೂ ಅಲ್ಲಿದೆ.

ಅಮೇರಿಕದ ಬೇಸ್‌ಬಾಲ್ ಆಟದಲ್ಲಿ ಇದೇ ಪ್ರಶ್ನೆ ಕೋಟ್ಯಂತರ ಡಾಲರುಗಳ ಲೆಕ್ಕದಲ್ಲಿ ಎದುರಾಗುತ್ತದೆ. ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದ ಹೋಸೆ ಬೌಟಿಸ್ಟಾ ಎಂಬಾತನು 2004ರ ಒಂದೇ ವರ್ಷದಲ್ಲಿ ನಾಲ್ಕು ತಂಡಗಳ ಅಂಗಿ ತೊಟ್ಟವನು, ಎಂದರೆ ಯಾರಿಗೂ ಬೇಡವಾದವನು. ಆ ಆಟದಲ್ಲಿ ಚೆಂಡನ್ನು ಬೇಲಿಯಾಚೆಗೆ ಹೊಡೆಯುವುದಕ್ಕೆ ಹೋಮ್ ರನ್ ಎನ್ನುವರು, ನಮ್ಮ ಸಿಕ್ಸರಿನಂತೆ. ಒಂದು ಋತುವಿನಲ್ಲಿ ಹದಿನಾರಕ್ಕಿಂತ ಹೆಚ್ಚು ಹೋಮ್ ರನ್ನುಗಳನ್ನು ಎಂದೂ ಹೊಡೆಯದಿದ್ದ ಈ ಮನುಷ್ಯನು, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, 2010ರ ಋತುವಿನಲ್ಲಿ ಐವತ್ತನಾಲ್ಕನ್ನು ಹೊಡೆದನು. ಟೊರಾಂಟೋ ತಂಡದವರು 2011ರ ಫೆಬ್ರುವರಿಯಲ್ಲಿ ಅವನೊಡನೆ ಐದು ವರ್ಷಗಳಿಗೆ ಸುಮಾರು ಆರೂವರೆ ಕೋಟಿ ಡಾಲರುಗಳ ಕರಾರು ಮಾಡಿಕೊಂಡಾಗ, ಒಂದು ವರ್ಷದ ಪವಾಡಕ್ಕೆ ಐದು ವರ್ಷದ ಹಣವೇ ಎಂದು ನಕ್ಕವರುಂಟು.

ಆದರೆ ಟೊರಾಂಟೋದವರು ನಮ್ಮ ತಂದೆಯವರು ಕೇಳಿದ ಪ್ರಶ್ನೆಯನ್ನೇ ಕೇಳಿಕೊಂಡಿದ್ದರೆಂದು ನಾನು ಊಹಿಸುತ್ತೇನೆ. ಬೌಟಿಸ್ಟಾನ ಬದಲಾವಣೆಗೆ ಕಣ್ಣಿಗೆ ಕಾಣುವ ಕಾರಣವಿತ್ತು. ಚೆಂಡು ಬರುವ ಮುನ್ನವೇ ದೊಣ್ಣೆ ಬೀಸುವ ಸನ್ನಾಹವನ್ನು ಮೊದಲಿಗಿಂತ ಬೇಗ ಆರಂಭಿಸುವಂತೆ ಅವನ ತರಬೇತುದಾರರು ತಿದ್ದಿದ್ದರು. ಆ ತಿದ್ದುಪಡಿಯ ಫಲವು 2009ರ ಸೆಪ್ಟೆಂಬರಿನಲ್ಲಿಯೇ ಕಾಣಿಸಿಕೊಂಡು, ಋತುವಿನ ಆ ಕೊನೆಯ ಭಾಗದಲ್ಲಿ ಅವನು ಹತ್ತು ಹೋಮ್ ರನ್ನುಗಳನ್ನು ಹೊಡೆದಿದ್ದನು. ಅಂದ ಮೇಲೆ 2010ರದು ಮಳೆಯ ಬೆಳೆಯಾಗಿರಲಿಲ್ಲ. ಕರಾರಾದ ವರ್ಷವೇ ಮತ್ತೆ ನಲವತ್ತಮೂರು ಹೊಡೆದು ತನ್ನ ಲೀಗಿನಲ್ಲಿ ಮೊದಲಿಗನಾದನು; ಕರಾರಿನ ಐದನೆಯ ವರ್ಷದಲ್ಲಿಯೂ, ಮೂವತ್ತನಾಲ್ಕರ ಪ್ರಾಯದಲ್ಲಿ, ನಲವತ್ತನ್ನು ಮುಟ್ಟಿದನು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟೆಂಬುದನ್ನು ಮುಚ್ಚಿಡಲಾರೆ. ಬಾಲ್ಟಿಮೋರ್ ತಂಡವು 2016ರಲ್ಲಿ ಏಳು ವರ್ಷಗಳ ಕರಾರನ್ನು ಕೊಟ್ಟ ಕ್ರಿಸ್ ಡೇವಿಸ್ ಎಂಬಾತನು ಮುಂದೆ ಐವತ್ತನಾಲ್ಕು ಸರದಿಗಳಲ್ಲಿ ಒಂದೂ ಹೊಡೆತ ಸಿಗದೆ ನಗೆಪಾಟಲಿಗೆ ಗುರಿಯಾದನು. ಕರಾರು ಎಂದರೆ ಪಣ; ಸೋಲುವ ಪಣಗಳೂ ಇರುತ್ತವೆ. ಕೊಡುವ ವರ್ಷಗಳನ್ನು ಎಣಿಸಿ ಕೊಡಬೇಕೆಂಬುದೇ ಅದರ ಅರ್ಥ. ಏಳು ಎಂಬುದು ಭೋಳೇತನ, ಮೂರೋ ಐದೋ ವಿವೇಕ.

ನಮ್ಮ ಭಾಷೆಯಲ್ಲಿ ಇದು ಹೊಸ ವಿಚಾರವೇನೂ ಅಲ್ಲ. ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆಯ ತಿರುಳ್ಗನ್ನಡದಲ್ಲಿ ತನ್ನ ಕಾವ್ಯವನ್ನು ರಚಿಸಿದೆನೆಂದು ಹೆಮ್ಮೆಪಟ್ಟ ಪಂಪನು, 902ರಲ್ಲಿ ಹುಟ್ಟಿ, 941ರಲ್ಲಿ, ಎಂದರೆ ನಲವತ್ತರ ಹೊಸ್ತಿಲಲ್ಲಿ, ಒಂದೇ ವರ್ಷ ಎರಡು ಮಹಾಕಾವ್ಯಗಳನ್ನು ಮುಗಿಸಿದನು. ಆ ವರ್ಷವನ್ನು ಕಂಡ ದೊರೆ ಅರಿಕೇಸರಿಯು ಅವನಿಗೆ ಶಾಲು ಹೊದಿಸಿ ಕಳುಹಿಸಲಿಲ್ಲ. ಧರ್ಮವುರವೆಂಬ ಅಗ್ರಹಾರವನ್ನೇ ಶಾಸನಬದ್ಧವಾಗಿ ಕೊಟ್ಟನು. ಕವಿಯ ತಮ್ಮನಾದ ಜಿನವಲ್ಲಭನು ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಆ ದಾನದ ಉಲ್ಲೇಖವಿದೆ. ಬಹುವರ್ಷದ ಕರಾರು ಎಂದರೆ ಇದಕ್ಕಿಂತ ಬಹುವರ್ಷದ್ದು ಯಾವುದು?

ಆ ಪರಂಪರೆಯ ವಾರಸುದಾರರಾದ ನಾವು ಈಗ ಏನು ಮಾಡುತ್ತಿದ್ದೇವೆ? ಭಾರತ ಕ್ರಿಕೆಟ್ ಮಂಡಳಿಯು ಆಟಗಾರರೊಡನೆ ಮಾಡಿಕೊಳ್ಳುವ ಕರಾರು ವರ್ಷಾವಧಿಯದು. ರಣಜಿಯ ಆಟಗಾರನಿಗಂತೂ ದಿನಗೂಲಿಯ ಲೆಕ್ಕ. ನಲವತ್ತಕ್ಕಿಂತ ಹೆಚ್ಚು ಪಂದ್ಯಗಳ ಅನುಭವವಿದ್ದವನಿಗೆ ದಿನವೊಂದಕ್ಕೆ ಅರವತ್ತು ಸಾವಿರವೆಂದು 2021ರಲ್ಲಿ ಗೊತ್ತುಮಾಡಿದರು, ಮೊಣಕಾಲು ನೊಂದು ಕುಳಿತ ದಿನಕ್ಕೆ ಆ ಲೆಕ್ಕ ಹಿಡಿಯದು. ಇಂಗ್ಲೆಂಡಿನವರು 2023ರ ಅಕ್ಟೋಬರಿನಲ್ಲಿ ಮೊಟ್ಟಮೊದಲ ಬಾರಿಗೆ ಎರಡು, ಮೂರು ವರ್ಷಗಳ ಕರಾರುಗಳನ್ನು ಕೊಟ್ಟರು. ಲೀಗುಗಳ ಹಣದ ಸೆಳೆತವೇ ಅವರನ್ನು ಅದಕ್ಕೆ ನೂಕಿತೆಂಬುದು ನಿಜ; ಹೇಗೆ ಬಂದರೇನು, ವಿವೇಕ ಬಂದಿತು.

ನಮ್ಮಲ್ಲಿ ವಿವೇಕ ಎಷ್ಟು ಬಂದಿದೆಯೆಂಬುದನ್ನು ಕರುಣ್ ನಾಯರರ ಪ್ರಕರಣವು ತೋರಿಸುತ್ತದೆ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಅಜೇಯ 303 ಹೊಡೆದ ಈ ಕರ್ನಾಟಕದ ಆಟಗಾರರು ಕೆಲವೇ ತಿಂಗಳುಗಳಲ್ಲಿ ತಂಡದಿಂದ ಹೊರಬಿದ್ದು, ಕಡೆಗೆ ಸ್ವಂತ ರಾಜ್ಯದ ತಂಡದಲ್ಲಿಯೂ ಸ್ಥಾನ ಕಳೆದುಕೊಂಡು, ವಿದರ್ಭಕ್ಕೆ ಹೋದರು. ಅಲ್ಲಿ 2024-25ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಐದು ಶತಕಗಳೊಡನೆ 779 ರನ್ನುಗಳನ್ನೂ, ರಣಜಿಯಲ್ಲಿ 863 ರನ್ನುಗಳನ್ನೂ ಹೊಡೆದು ತಂಡವನ್ನು ಚಾಂಪಿಯನ್ ಮಾಡಿದರು. ಅದಕ್ಕೆ ದೊರೆತ ಫಲವೇನು? 2025ರ ಬೇಸಗೆಯಲ್ಲಿ ಇಂಗ್ಲೆಂಡಿನ ನೆಲದಲ್ಲಿ ನಾಲ್ಕು ಟೆಸ್ಟುಗಳು, ಒಂದು ಅರ್ಧಶತಕ, ಅಕ್ಟೋಬರಿನ ಸರಣಿಗೆ ಹೆಸರಿಲ್ಲ. ಎಂಟು ವರ್ಷ ಕಾದವನಿಗೆ ಎಂಟು ವಾರ. ಆ ನಾಲ್ಕು ಟೆಸ್ಟುಗಳಲ್ಲಿ ಅವರು ಚೆನ್ನಾಗಿ ಆಡಲಿಲ್ಲವೆಂಬುದನ್ನು ಒಪ್ಪುತ್ತೇನೆ. ಒಡ್ಡು ಹಾಕುವ ಬೇಸಗೆಯಲ್ಲಿ ಬೆಳೆ ಕಡಿಮೆಯಾಗುವುದನ್ನು ನಮ್ಮ ತಾಯಿಯೂ ಒಪ್ಪಿರಲಿಲ್ಲ.

ದೊಡ್ಡವರ ಮಾತು ಹಾಗಿರಲಿ. ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಸೈಕಲ್ಲು, ಕುಸ್ತಿ, ಓಟ ಎಂದು ಮೈಮುರಿಯುವ ಹುಡುಗ ಹುಡುಗಿಯರಿಗೆ ಊರವರು ಕೊಡುವುದು ಸನ್ಮಾನ: ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಫ್ರೇಮು ಹಾಕಿದ ಬಿನ್ನವತ್ತಳೆ, ಫೋಟೋ. ಮುಂಡರಗಿಯ ಕಡೆ ಒಂದು ಮನೆಗೆ ಹೋಗಿದ್ದಾಗ ಅಂಗಳದಲ್ಲಿ ನಾಲ್ಕು ಹೊಸ ಶಾಲುಗಳನ್ನು ಹಾಸಿ ಅವುಗಳ ಮೇಲೆ ಸಂಡಿಗೆ ಒಣಗಹಾಕಿದ್ದನ್ನು ಕಂಡೆ. ಮಗ ಇಪ್ಪತ್ತಾರರಲ್ಲಿ ಮೊದಲ ಪದಕ ಗೆದ್ದಿದ್ದನಂತೆ. ಆ ದಿನ ಎಲ್ಲಿದ್ದಾನೆಂದು ಕೇಳಿದರೆ, ಲಾರಿಗೆ ಉಳ್ಳಾಗಡ್ಡಿ ಹೇರಲು ಹೋಗಿದ್ದನು. ತಾಯಿ ನಾಚಿಕೊಂಡು, “ಶಾಲು ಛಲೋ ಅದಾವ್ರಿ, ಸಂಡಿಗಿ ಅಂಟಂಗಿಲ್ಲ” ಎಂದಳು.

ಸನ್ಮಾನದ ಒಂದು ಸಂಜೆಗೆ ಪೆಂಡಾಲು, ಮೈಕು, ಊಟವೆಂದು ಖರ್ಚಾಗುವ ಹಣವನ್ನು ಅದೇ ದಾನಿಗಳು, ಅದೇ ವರ್ತಕರು, ಅದೇ ಸಂಘಗಳು ಮೂರು ಯುಗಾದಿಗಳಿಗೆ ಹಂಚಿ, ಬಸ್ಸಿನ ಪಾಸು, ಬೂಟು, ಹಾಲು, ಮೊಟ್ಟೆ, ಒಬ್ಬ ತರಬೇತುದಾರನ ಸಂಬಳದ ಪಾಲು ಎಂದು ಬರೆದುಕೊಟ್ಟರೆ, ಆ ಹಾಳೆಯು ಯಾವ ಬಿನ್ನವತ್ತಳೆಗೂ ಕಡಿಮೆಯದಲ್ಲ. ಕೊಡುವ ಮೊದಲು ವಿಚಾರಿಸಲಿ, ಬೇಡವೆನ್ನುವುದಿಲ್ಲ: ಪದಕ ಬಂದ ವರ್ಷ ಎದುರಾಳಿಗಳೇ ಬಡವಾಗಿದ್ದರೇ, ಅಥವಾ ಇವನ ಕಾಲಿನಲ್ಲಿ, ಕೈಯಲ್ಲಿ, ಉಸಿರಿನಲ್ಲಿ ಏನಾದರೂ ಬದಲಾಗಿತ್ತೇ? ಬದಲಾಗಿದ್ದರೆ ವಯಸ್ಸನ್ನು ಕೇಳಬಾರದು.

ಜೋಶಿಯವರ ವಿಷಯದಲ್ಲಿ ಆ ವಯಸ್ಸಿನ ಲೆಕ್ಕವೇ ತಪ್ಪಾಯಿತು. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ರನ್ನು ಕೊಟ್ಟು ಐದು ವಿಕೆಟು ಕಿತ್ತ ಆ ಕೈಯಿಂದಲೇ, 2000ದ ನವೆಂಬರಿನಲ್ಲಿ, ಬಾಂಗ್ಲಾದೇಶದ ಚೊಚ್ಚಲ ಟೆಸ್ಟಿನಲ್ಲಿ, ಢಾಕಾದಲ್ಲಿ ಎರಡು ಇನ್ನಿಂಗ್ಸುಗಳಿಂದ ಎಂಟು ವಿಕೆಟುಗಳೂ 92 ರನ್ನುಗಳೂ ಬಂದು, ಪಂದ್ಯಪುರುಷ ಪ್ರಶಸ್ತಿಯೂ ಬಂದಿತು. ಮೂವತ್ತು ತುಂಬಿತ್ತು. ಆ ವರ್ಷ ಮುಗಿಯುವುದರೊಳಗೆ ಅವರ ಟೆಸ್ಟ್ ಬಾಳೂ ಮುಗಿಯಿತು. ಆಮೇಲೆ ಸುಮಾರು ಹತ್ತು ಋತುಗಳ ಕಾಲ ಅವರು ಕರ್ನಾಟಕಕ್ಕಾಗಿ ಚೆಂಡು ಹಾಕುತ್ತಲೇ ಇದ್ದರು. 2012ರಲ್ಲಿ ನಿವೃತ್ತರಾದಾಗ ಪ್ರಥಮದರ್ಜೆಯ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 615 ವಿಕೆಟುಗಳಿದ್ದವು.