ಸುಡದ ಧೂಪ: ಚೀನಾದ ಸುಗಂಧಮಣಿಗಳು

ಚೀನಾದ ಪ್ರಾಚೀನ ವಸ್ತುಗಳನ್ನು ಕುರಿತ ಬರಹಗಳಲ್ಲಿ ದಾರಕ್ಕೆ ಪೋಣಿಸಿದ ಮಣಿಗಳು ಕಂಡೊಡನೆ ‘ಜಪಮಾಲೆ’ ಎಂದುಬಿಡುವ ರೂಢಿಯಿದೆ. ಸುಗಂಧಮಣಿಗಳ ವಿಷಯದಲ್ಲಿ ಈ ಒಂದು ಪದ ಮಾಡಿರುವ ಹಾನಿ ಸಣ್ಣದಲ್ಲ. ಚೀನೀಯರು ‘ಹೆಶಿಯಾಂಗ್‌ಜು’, ಅಂದರೆ ಬೆರಕೆಯ ಸುಗಂಧದ ಮಣಿ, ಎಂದು ಕರೆಯುವ ಈ ವಸ್ತುವಿಗೆ ಎರಡು ತವರುಗಳಿವೆ. ಜಪಮಾಲೆಯೆಂಬ ಹೆಸರು ಒಂದನ್ನು ಹೇಳಿ ಇನ್ನೊಂದನ್ನು ಮರೆಸುತ್ತದೆ.

ಶ್ರೀಗಂಧ, ಅಗರು, ಲವಂಗ, ಪಚ್ಚಕರ್ಪೂರ, ಕಸ್ತೂರಿ ಮೊದಲಾದವನ್ನು ನುಣ್ಣಗೆ ಪುಡಿಮಾಡಿ, ಅಂಟಿನ ಗುಣವುಳ್ಳ ಗೆಡ್ಡೆಯ ಹಿಟ್ಟಿನೊಡನೆ ಕಲಸಿ, ಉಂಡೆಕಟ್ಟಿ, ಹಸಿಯಿರುವಾಗಲೇ ತೂತು ಮಾಡಿ, ನೆರಳಿನಲ್ಲಿ ಒಣಗಿಸಿದರೆ ಈ ಮಣಿ ಸಿದ್ಧವಾಗುತ್ತದೆ. ಕೆಂಡದ ಮೇಲೆ ಹಾಕುವ ಧೂಪದ ದ್ರವ್ಯಗಳೇ ಇಲ್ಲಿಯೂ ಇವೆ. ಬೆಂಕಿ ಮಾತ್ರ ಇಲ್ಲ. ಧರಿಸಿದವರ ಮೈಯ ಬಿಸುಪೇ ಇದಕ್ಕೆ ಕೆಂಡ.

ಪರಿಮಳವನ್ನು ಮೈಮೇಲೆ ಧರಿಸುವ ಪದ್ಧತಿ ಚೀನಾದಲ್ಲಿ ಬೌದ್ಧಧರ್ಮಕ್ಕಿಂತ ಹಳೆಯದು. ಚ್ಯೂ ಯುವಾನ್ ಕವಿಯದೆಂದು ಹೇಳಲಾಗುವ ‘ಲಿ ಸಾವ್’ ಕಾವ್ಯದ ನಾಯಕ ಪರಿಮಳದ ಸಸ್ಯಗಳನ್ನು ಉಡುಗೆಯಾಗಿ ತೊಡುತ್ತಾನೆ. ಅದು ಅವನ ಶೀಲದ ಸಂಕೇತ. 1972ರಲ್ಲಿ ಅಗೆದ ಮಾವಾಂಗ್‌ದುಯಿಯ ಸಮಾಧಿಯಲ್ಲಿ, ಕ್ರಿ.ಪೂ. 2ನೆಯ ಶತಮಾನದ ಕುಲೀನ ಸ್ತ್ರೀಯೊಬ್ಬಳ ಕಳೇಬರದೊಡನೆ, ಸುಗಂಧ ಸಸ್ಯಗಳನ್ನು ತುಂಬಿದ ರೇಷ್ಮೆಯ ಚೀಲಗಳು ದೊರೆತವು. ಇದು ಮೊದಲನೆಯ ತವರು.

ಎರಡನೆಯದು ಭಾರತ. ಚೀನೀ ತ್ರಿಪಿಟಕದಲ್ಲಿ ಉಳಿದುಬಂದಿರುವ ಒಂದು ಕಿರುಸೂತ್ರದಲ್ಲಿ ಬುದ್ಧನು ಅರಸನೊಬ್ಬನಿಗೆ 108 ಬೀಜಗಳನ್ನು ಪೋಣಿಸಿ ಸದಾ ಜೊತೆಯಲ್ಲಿಟ್ಟುಕೊಳ್ಳಲು ಹೇಳುತ್ತಾನೆ. ಆ ಬೀಜ ಬೇರೆ ಯಾವುದೂ ಅಲ್ಲ, ನಮ್ಮ ಅಂಟುವಾಳದ ಕುಲದ್ದು. ಪರಿಮಳಕ್ಕೂ ಆ ಸರಕ್ಕೂ ಆಗ ಸಂಬಂಧವಿರಲಿಲ್ಲ. ಚಂದನವಂತೂ ಹೆಸರಿನ ಸಮೇತ ಚೀನಾಕ್ಕೆ ಹೋಯಿತು: ಚೀನೀ ಭಾಷೆಯ ‘ಝಾನ್‌ತಾನ್’ ಸಂಸ್ಕೃತದ ‘ಚಂದನ’ವೇ. ಸಂಸ್ಕೃತದ ಗೋಶೀರ್ಷ ಚಂದನವನ್ನು ಬೌದ್ಧ ಅನುವಾದಕರು ಎತ್ತಿನ ತಲೆಯ ಚಂದನವೆಂದು ಪದಶಃ ಭಾಷಾಂತರಿಸಿದರು. ಅರ್ಧಮಾಗಧಿಯ ಜೈನಾಗಮಗಳ ನಗರ ಹಾಗೂ ಅರಮನೆಯ ವರ್ಣನೆಗಳಲ್ಲಿ ಬರುವ ‘ಗೋಸೀಸ’ವೂ ಇದೇ. 7ನೆಯ ಶತಮಾನದ ಹ್ಯುಯೆನ್‌ತ್ಸಾಂಗ್ ದಕ್ಷಿಣದ ಮಲಯಪರ್ವತದ ಚಂದನವೃಕ್ಷಗಳನ್ನು ವರ್ಣಿಸುತ್ತ, ತಂಪಿಗಾಗಿ ಹಾವುಗಳು ಸುತ್ತಿಕೊಂಡಿರುವ ಮರಗಳನ್ನು ಜನರು ದೂರದಿಂದ ಬಾಣ ಬಿಟ್ಟು ಗುರುತಿಟ್ಟುಕೊಂಡು, ಹಾವುಗಳು ಅಡಗುವ ಕಾಲದಲ್ಲಿ ಕಡಿಯುತ್ತಾರೆಂದು ಬರೆದಿದ್ದಾನೆ. ನಮ್ಮ ಕವಿಗಳ ಒಂದು ಕವಿಸಮಯವನ್ನು ಪ್ರವಾಸಿಯೊಬ್ಬ ಸಸ್ಯಶಾಸ್ತ್ರವೆಂಬಂತೆ ದಾಖಲಿಸಿದ ಪ್ರಸಂಗವಿದು.

ಸುಂಗ್ ರಾಜವಂಶದ ಕಾಲಕ್ಕೆ ಈ ಎರಡು ಧಾರೆಗಳೂ ಕೂಡಿಕೊಂಡವು. ಸುಗಂಧವನ್ನು ಕುರಿತ ಗ್ರಂಥಗಳು ಆಗ ಒಂದು ಸಾಹಿತ್ಯಪ್ರಕಾರವೇ ಆದವು. ಹೊಂಗ್ ಚು, ಚೆನ್ ಜಿಂಗ್ ಮೊದಲಾದವರಿಂದ ಹಿಡಿದು 17ನೆಯ ಶತಮಾನದಲ್ಲಿ ಜೌ ಜಿಯಾಜೌ ಸಂಕಲಿಸಿದ 28 ಸಂಪುಟಗಳ ‘ಶಿಯಾಂಗ್‌ಶೆಂಗ್’ವರೆಗೆ ಈ ಪರಂಪರೆ ಬೆಳೆಯಿತು. ಅವುಗಳಲ್ಲಿ ಮಣಿಗಳ ಪಾಕವಿಧಾನಗಳೂ ಇವೆ. ಹೂವಿನ ಮೊಗ್ಗುಗಳನ್ನು ಅರಳುವ ಮುನ್ನ, ಇಬ್ಬನಿ ಆರುವ ಮೊದಲೇ ಕಿತ್ತು ಅರೆದು ಮಣಿ ಮಾಡುವ ಕ್ರಮ ಅವುಗಳಲ್ಲೊಂದು. ಇನ್ನೂ ಮುಖ್ಯವಾದುದು ಮಣಿಗಳನ್ನು ಕಾಪಾಡುವ ವಿಧಾನ. ಬೇಸಿಗೆ ಕಳೆದ ಮೇಲೆ ಬೆವರಿನ ಕೊಳೆಯನ್ನು ಒರಟು ಕಾಂಡದ ಒಂದು ಸಸ್ಯದಿಂದ ಉಜ್ಜಿ ತೆಗೆಯಬೇಕು. ಕೆಟ್ಟಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿದರೆ ಮೊದಲಿನ ಪರಿಮಳ ಮರಳುತ್ತದೆ. ಈ ಸೂಚನೆಯಲ್ಲಿ ಬಳೆ, ಪದಕ, ಜಪಸರ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. ಬರೆದವನ ದೃಷ್ಟಿಯಲ್ಲಿ ಇವೆಲ್ಲ ಮೈಗೆ ತಾಗಿ, ಬೆವರು ಕುಡಿದು, ಹಾಳಾಗುವ ಒಂದೇ ವರ್ಗದ ವಸ್ತುಗಳು. ಪೂಜೆ, ಅಲಂಕಾರ ಎಂಬ ವಿಭಜನೆ ಅಲ್ಲಿಲ್ಲ.

ಇದೇ ಶತಮಾನಗಳಲ್ಲಿ ಕನ್ನಡನಾಡಿನಲ್ಲಿಯೂ ಗಂಧಯುಕ್ತಿ ಬರೆಹಕ್ಕೆ ಬಂದಿತ್ತು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಎರಡರಲ್ಲೂ ಸುಗಂಧದ್ರವ್ಯಗಳ ವಿಚಾರವಿದೆ. ಇವುಗಳ ಮೇಲೆ ಸಂಶೋಧನೆ ಮಾಡುವವರು ದ್ರವ್ಯಗಳ ಪಟ್ಟಿ ಕೊಟ್ಟು ಮುಂದೆ ಸಾಗುವುದೇ ಹೆಚ್ಚು. ಸುಂಗ್ ಗ್ರಂಥಗಳೊಡನೆ ಇಟ್ಟು ಓದಿದರೆ ಆ ಪಟ್ಟಿಗಳು ಮಾತಾಡಬಲ್ಲವು.

ಚಿಂಗ್ ಆಸ್ಥಾನದಲ್ಲಿ ಮಣಿಸರ ಪದವಿಯ ಲಾಂಛನವಾಯಿತು. ರಾಜಸಭೆಯ ಉಡುಪಿನ ಮೇಲೆ ಧರಿಸುವ ಸರದಲ್ಲಿ 108 ಮಣಿಗಳು, ಅವುಗಳ ನಡುವೆ ‘ಬುದ್ಧಶಿರ’ವೆಂಬ ನಾಲ್ಕು ದೊಡ್ಡ ಮಣಿಗಳು. ರಚನೆ ಸಂಪೂರ್ಣ ಜಪಮಾಲೆಯದು. ಆದರೆ ಅದನ್ನು ಧರಿಸಿ ನಿಂತದ್ದು ಜಪಕ್ಕಾಗಿ ಅಲ್ಲ. ಯಾವ ದರ್ಜೆಯವರು ಧರಿಸಬಹುದೆಂಬುದಕ್ಕೂ ಕಟ್ಟಳೆಯಿತ್ತು.

ಈ ಎಲ್ಲ ಅರ್ಥಛಾಯೆಗಳನ್ನೂ ಬಲ್ಲ ಕೃತಿಯೊಂದಿದ್ದರೆ ಅದು 18ನೆಯ ಶತಮಾನದ ತ್ಸಾವ್ ಶುಯೆಚಿನ್‌ನ ಕಾದಂಬರಿ ‘ಕೆಂಪು ಮಹಲಿನ ಕನಸು’. ರಾಣಿವಾಸ ಸೇರಿದ ಯುವಾನ್‌ಚುನ್ ತವರಿಗೆ ಬಂದಾಗ ಅಜ್ಜಿಗೆ ಉತ್ತಮ ಅಗರಿನ ಜಪಸರವನ್ನು ಕೊಡುತ್ತಾಳೆ. ವಯಸ್ಸಾದವಳಿಗೆ ಅದು ನಿಜಕ್ಕೂ ಜಪಮಾಲೆ. ರಾಜಕುಮಾರನೊಬ್ಬ ಚಕ್ರವರ್ತಿಯಿಂದ ತನಗೆ ಬಂದ ಸುಗಂಧಸರವನ್ನು ನಾಯಕ ಬಾವ್‌ಯುವಿಗೆ ಕೊಡುತ್ತಾನೆ. ಅವನಿಗೆ ಅದು ಪ್ರಭುಕೃಪೆ. ಬಾವ್‌ಯು ಅದನ್ನು ಜೋಪಾನವಾಗಿ ತಂದು ತಾನು ಪ್ರೀತಿಸುವ ದೈಯುವಿಗೆ ಕೊಟ್ಟರೆ, ಯಾವನೋ ನಾರುವ ಗಂಡಸು ಮುಟ್ಟಿದ್ದು ತನಗೆ ಬೇಡವೆಂದು ಅವಳು ಎಸೆದುಬಿಡುತ್ತಾಳೆ. ಪರಿಮಳದ ಮಣಿಯನ್ನೇ ನಾರುವುದೆಂದು ಕರೆದ ಆ ವ್ಯಂಗ್ಯ ಸಾಮಾನ್ಯವಾದುದಲ್ಲ. ಸುಗಂಧಮಣಿ ಧರಿಸಿದವರ ಮೈಯನ್ನು ಹೀರಿಕೊಳ್ಳುತ್ತದೆಂಬುದು ತಿಳಿದಿದ್ದರೆ ಮಾತ್ರ ಅದು ಅರ್ಥವಾಗುತ್ತದೆ.

28ನೆಯ ಅಧ್ಯಾಯದಲ್ಲಿ ಯುವಾನ್‌ಚುನ್ ಐದನೆಯ ತಿಂಗಳ ಹಬ್ಬಕ್ಕೆ ಉಡುಗೊರೆಗಳನ್ನು ಕಳುಹಿಸುತ್ತಾಳೆ. ರೋಗ ಬಾರದಿರಲೆಂದು ಜನ ಪರಿಮಳದ ಚೀಲಗಳನ್ನು ಧರಿಸುವ ಹಬ್ಬವದು. ಬಾವ್‌ಯು, ಬಾವ್‌ಚೈ ಇಬ್ಬರಿಗೂ ಒಂದೇ ಬಗೆಯ ಉಡುಗೊರೆ. ಅದರಲ್ಲಿ ಕಸ್ತೂರಿಯ ಕೆಂಪು ಮಣಿಗಳ ಸರಗಳೂ ಇವೆ. ದೈಯುವಿಗೆ ಉಳಿದ ಹುಡುಗಿಯರ ಪಾಲಿನಷ್ಟೇ. ಮದುವೆಯ ಮಾತನ್ನು ಯಾರೂ ಎತ್ತಿಲ್ಲ, ಮಣಿಗಳು ಎತ್ತಿವೆ. ಇದನ್ನು ಕನ್ನಡಿಸುವವರು ‘ಜಪಮಾಲೆ’ ಎಂದು ಬರೆದರೆ ಮುಂದಿನ ದೃಶ್ಯ ಕೆಡುತ್ತದೆ. ಬಾವ್‌ಯು ಆ ಸರವನ್ನು ನೋಡಬೇಕೆನ್ನುತ್ತಾನೆ. ಮೈತುಂಬಿಕೊಂಡ ಬಾವ್‌ಚೈಯ ಮಣಿಕಟ್ಟಿನಿಂದ ಅದು ಸುಲಭವಾಗಿ ಜಾರದು. ಅವನ ಕಣ್ಣು ಸರವನ್ನು ಬಿಟ್ಟು ತೋಳಿನ ಮೇಲೆ ನಿಲ್ಲುತ್ತದೆ. ಈ ತೋಳು ದೈಯುವಿನದಾಗಿದ್ದರೆ ಎಂದುಕೊಳ್ಳುತ್ತಾನೆ. ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದ ದೈಯು ಕೈಯಲ್ಲಿದ್ದ ಕರವಸ್ತ್ರವನ್ನು ಅವನ ಮುಖಕ್ಕೆ ಬೀಸುತ್ತಾಳೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.